ಹಸುಗೂಸಿನ ವಪೆ ಸ್ಕ್ಯಾನಿಂಗ್: ಒಂದು ರಿಪೋರ್ಟ್ ಚಲನೆ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಯಾವುದನ್ನು ನಂಬಲಿ?

ಹರಿಹರದ_ಅಪ್ಪ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮಗಳು ಹುಟ್ಟಿ ಇವತ್ತಿಗೆ 9 ದಿನ. ಹುಟ್ಟಿದಾಗ ತೂಕ 4.2 ಕೆಜಿ. ನನ್ನ ಹೆಂಡತಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇತ್ತು. ಹೆರಿಗೆಯಲ್ಲಿ ತಲೆ ಹೊರಗೆ ಬಂತು, ಭುಜ ಸಿಕ್ಕಿಕೊಂಡಿತು. ಬಹಳ ಕಷ್ಟಪಟ್ಟು ತೆಗೆದರು. ಅವತ್ತಿನಿಂದ ಮಗು ಬಲಗೈ ಎತ್ತುತ್ತಿಲ್ಲ. ಬೆರಳು ಮಾತ್ರ ಆಡಿಸುತ್ತಾಳೆ. ಉಸಿರು ಬಹಳ ಜೋರಾಗಿ ಹೋಗುತ್ತಿತ್ತು, ಎರಡನೇ ದಿನವೇ ವೆಂಟಿಲೇಟರ್ ಹಾಕಿದರು. ಎಕ್ಸ್‌ರೇ ನೋಡಿ ಬಲಗಡೆಯ ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಮೇಲೆ ಏರಿದೆ ಅಂದರು.

4ನೇ ದಿನ ಹಾಸಿಗೆ ಹತ್ತಿರವೇ ಅಲ್ಟ್ರಾಸೌಂಡ್ ಮಾಡಿದರು. "ಎರಡೂ ಬದಿ ಚಲನೆ ಇದೆ" ಅಂತ ಬಂತು. ನಮಗೆ ಜೀವ ಬಂದ ಹಾಗಾಯಿತು. 7ನೇ ದಿನ ವೆಂಟಿಲೇಟರ್ ಟ್ಯೂಬ್ ತೆಗೆದು ಮೂಗಿಗೆ ಸಿಪ್ಯಾಪ್ (ಒಂದೇ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ, ಉಸಿರು ಮಗುವೇ ಎಳೆಯಬೇಕು) ಹಾಕಿದರು. ಮತ್ತೆ ಪಕ್ಕೆ ಒಳಗೆ ಸೆಳೆಯಲು ಶುರುವಾಯಿತು. ನಿನ್ನೆ ಇನ್ನೊಂದು ಸ್ಕ್ಯಾನ್. ಈಗ "ಬಲ ಬದಿ ಉಲ್ಟಾ ಚಲಿಸುತ್ತಿದೆ, ನರದ ಶಕ್ತಿ ಹೋಗಿದೆ" ಅಂತ ಬರೆದಿದ್ದಾರೆ.

ನಾಲ್ಕು ದಿನದಲ್ಲಿ ಹೀಗೆ ಹೇಗಾಗುತ್ತದೆ? ಮೊದಲು ನೋಡಿದವರು ತಪ್ಪು ನೋಡಿದರಾ? ಟ್ಯೂಬ್ ತೆಗೆಯುವಾಗ ಏನಾದರೂ ಪೆಟ್ಟಾಯಿತಾ? ರಾತ್ರಿಯಿಡೀ ಇದೇ ಯೋಚನೆ. ಡಾಕ್ಟರ್ ಎರಡು ನಿಮಿಷ ಮಾತಾಡಿ ಹೋಗುತ್ತಾರೆ, ಎದುರಿಗೆ ನಿಂತಾಗ ನನಗೆ ಏನು ಕೇಳಬೇಕು ಅಂತಲೇ ಹೊಳೆಯುವುದಿಲ್ಲ.

ಸಿಸ್ಟರ್_ಮಲ್ಲಿಗೆ

ಅಣ್ಣ, ಮೊದಲು ಒಂದು ಲೋಟ ನೀರು ಕುಡಿಯಿರಿ. ನಾನು 14 ವರ್ಷದಿಂದ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್.

ನಿಮ್ಮ ಎರಡೂ ರಿಪೋರ್ಟ್ ಸರಿ ಇರಬಹುದು. ಮೊದಲ ಸ್ಕ್ಯಾನ್ ಮಾಡುವಾಗ ಮಗು ವೆಂಟಿಲೇಟರ್ ಮೇಲೆ ಇತ್ತು ಅಂತ ನೀವೇ ಬರೆದಿದ್ದೀರಿ. ಆಗ ಗಾಳಿಯನ್ನು ಒಳಗೆ ತಳ್ಳುವುದು ಯಂತ್ರ. ಶ್ವಾಸಕೋಶ ಉಬ್ಬುತ್ತದೆ, ಕೆಳಗಿರುವ ವಪೆಯನ್ನು ಅದು ಕೆಳಕ್ಕೆ ಒತ್ತುತ್ತದೆ, ಆ ಬದಿಗೆ ಶಕ್ತಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತೊಟ್ಟಿಲು ತೂಗುತ್ತಿದೆ ಅಂತ ಕಾಣುತ್ತದೆ, ಯಾರು ತೂಗುತ್ತಿದ್ದಾರೆ ಅಂತ ಕಾಣುವುದಿಲ್ಲ. ಟ್ಯೂಬ್ ತೆಗೆದ ಮೇಲೆ ಮಗುವೇ ಉಸಿರು ಎಳೆಯಬೇಕು. ನಿಜ ಆಗ ಗೊತ್ತಾಗುತ್ತದೆ.

ಟ್ಯೂಬ್ ತೆಗೆದದ್ದರಿಂದ ಇದು ಆಗಿಲ್ಲ. ಆ ಭಯವನ್ನು ಮನಸ್ಸಿನಿಂದ ತೆಗೆದುಹಾಕಿ.

ಡಾಕ್ಟರ್_ಎಳೆಬಿಸಿಲು

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನವಜಾತ ಶಿಶು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಗುವನ್ನು ನಾನು ನೋಡಿಲ್ಲ, ಹಾಗಾಗಿ ಚಿಕಿತ್ಸೆ ಹೀಗೇ ಆಗಬೇಕು ಅಂತ ಹೇಳಲಾರೆ. ಒಳಗೆ ಏನು ನಡೆದಿರಬಹುದು ಅನ್ನುವುದನ್ನು ಹೇಳುತ್ತೇನೆ.

ವಪೆ ಅಂದರೆ ಎದೆಗೂಡಿಗೂ ಹೊಟ್ಟೆಗೂ ನಡುವೆ ಬೋರಲು ಹಾಕಿದ ಬೋಗುಣಿ ಹಾಗೆ ಇರುವ ಸ್ನಾಯು. ಉಸಿರು ಎಳೆದಾಗ ಅದು ಬಿಗಿಯಾಗಿ ಕೆಳಗೆ ಇಳಿಯುತ್ತದೆ, ಮೇಲೆ ಜಾಗ ಆಗುತ್ತದೆ, ಗಾಳಿ ಬರುತ್ತದೆ. ಕುಲುಮೆಯ ತಿದಿ ಎಳೆದ ಹಾಗೆ. ಇದನ್ನು ಆಡಿಸುವ ನರ ಹೊರಡುವುದು ಕುತ್ತಿಗೆಯ 3, 4, 5ನೇ ನರಮೂಲಗಳಿಂದ. ಬಲಕ್ಕೊಂದು, ಎಡಕ್ಕೊಂದು. ತೋಳಿನ ನರಗಳ ಗೊಂಚಲು ಶುರುವಾಗುವುದು 5ನೇ ನರಮೂಲದಿಂದ. ಭುಜ ಸಿಕ್ಕಿಕೊಂಡಾಗ ತಲೆಗೂ ಭುಜಕ್ಕೂ ನಡುವೆ ಕುತ್ತಿಗೆ ಎಳೆದಂತಾಗುತ್ತದೆ. ಒಂದೇ ಎಳೆತಕ್ಕೆ ಕೈಯ ನರವೂ ವಪೆಯ ನರವೂ ನೋಯಬಹುದು. ಅದಕ್ಕೇ ಕೈ ಎತ್ತದ ಮಗು ಉಸಿರಾಟಕ್ಕೂ ಕಷ್ಟಪಡುತ್ತಿದ್ದರೆ ನಾವು ಮೊದಲು ಅದೇ ಬದಿಯ ವಪೆ ನೋಡುತ್ತೇವೆ.

ದೊಡ್ಡವರಲ್ಲಿ ಒಂದು ಬದಿ ಹೋದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಹಸುಗೂಸಿಗೆ ಹಾಗಲ್ಲ. ಅದರ ಪಕ್ಕೆಲುಬು ಮೆತ್ತಗೆ, ಬಹುತೇಕ ಅಡ್ಡಕ್ಕೆ ಇರುತ್ತವೆ. ಎದೆ ಎತ್ತಿ ಉಸಿರಾಡುವ ಅನುಕೂಲ ಇಲ್ಲ, ಭಾರ ಪೂರ್ತಿ ವಪೆ ಮೇಲೆ. ಜೊತೆಗೆ ಆ ಸ್ನಾಯು ಬೇಗ ದಣಿಯುತ್ತದೆ. ದಣಿಯದೆ ದುಡಿಯುವ ಬಗೆಯ ನಾರು ದೊಡ್ಡವರ ವಪೆಯಲ್ಲಿ ಸುಮಾರು ಅರ್ಧದಷ್ಟಿದ್ದರೆ, ತಿಂಗಳು ತುಂಬಿ ಹುಟ್ಟಿದ ಮಗುವಲ್ಲಿ ಸುಮಾರು ಶೇ. 25, ಬಹಳ ಮುಂಚೆ ಹುಟ್ಟಿದ ಮಗುವಲ್ಲಿ ಶೇ. 10 ಮಾತ್ರ. ಮೊದಲ ದಿನ ಪರವಾಗಿಲ್ಲ ಅನಿಸಿದ ಮಗು ಎರಡನೇ ದಿನ ಸೋಲುವುದು ಇದಕ್ಕೇ.

ನಾಳೆ ಡಾಕ್ಟರ್ ಬಂದಾಗ ಇಷ್ಟು ಕೇಳಿ: "ಸ್ಕ್ಯಾನ್ ಮಾಡುವಾಗ ಮಗು ತಾನೇ ಉಸಿರಾಡುತ್ತಿತ್ತಾ, ಎಷ್ಟು ಸಿಪ್ಯಾಪ್ ಇತ್ತು, ಎರಡೂ ಬದಿ ಎಷ್ಟೆಷ್ಟು ಮಿಲಿಮೀಟರ್?"

ಹರಿಹರದ_ಅಪ್ಪ

ಡಾಕ್ಟ್ರೇ, ಸಿಸ್ಟರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ಹೆಂಡತಿಗೂ ಓದಿ ಹೇಳಿದೆ. ಒಂಬತ್ತು ದಿನದಲ್ಲಿ ಮೊದಲ ಸಲ ಅವಳು ನಿದ್ದೆ ಮಾಡಿದಳು.

ರಿಪೋರ್ಟ್ ಫೋಟೋ ತೆಗೆದುಕೊಂಡೆ. ಎರಡನೇ ಸ್ಕ್ಯಾನ್‌ನಲ್ಲಿ ಎಡ ಬದಿ 8 ಮಿಮೀ ಅಂತಿದೆ. ಬಲ ಬದಿ 2 ಮಿಮೀ, ವಿರುದ್ಧ ದಿಕ್ಕಿಗೆ. ಕೆಳಗೆ ದಪ್ಪ ಅಂತ ಇನ್ನೊಂದು ಲೆಕ್ಕ ಇದೆ. ಬಲ: ಉಸಿರು ಬಿಟ್ಟಾಗ 1.4, ಎಳೆದಾಗ 1.4. ಎಡ: ಬಿಟ್ಟಾಗ 1.7, ಎಳೆದಾಗ 2.0, ಶೇ. 18. ನೆಟ್‌ನಲ್ಲಿ ನೋಡಿದರೆ ಶೇ. 20ಕ್ಕಿಂತ ಕಮ್ಮಿ ಇದ್ದರೆ ವಪೆ ದುರ್ಬಲ ಅಂತಿದೆ. ಹಾಗಾದರೆ ಎಡಗಡೆಯೂ ಹೋಗಿದೆಯಾ?

ನೆರಳುಬೆಳಕು

ಇಲ್ಲ. ಗಾಬರಿಯಾಗಬೇಡಿ.

ನಾನು ರೇಡಿಯಾಲಜಿಯವಳು, ಮಕ್ಕಳ ಸ್ಕ್ಯಾನ್ ಜಾಸ್ತಿ ಮಾಡುತ್ತೇನೆ. ಆ ಶೇ. 20 ದೊಡ್ಡವರ ಮೇಲೆ ಮಾಡಿದ ಅಧ್ಯಯನಗಳಿಂದ ಬಂದ ಗಡಿ. ಅದನ್ನು ಒಂಬತ್ತು ದಿನದ ಕೂಸಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಅಳತೆಯಲ್ಲೇ ಇದೆ.

ದಪ್ಪ ಅಳೆಯುವುದು ಹೇಗೆ ಅಂತ ಹೇಳುತ್ತೇನೆ. ಕಂಕುಳಿಂದ ಕೆಳಕ್ಕೆ ಇಳಿದು, ಕೆಳಗಿನ ಪಕ್ಕೆಲುಬುಗಳ ಸಂದಿಯಲ್ಲಿ ಸಣ್ಣ ನೇರ ಪ್ರೋಬ್ (ಮೈ ಮೇಲೆ ಇಟ್ಟು ಸ್ಕ್ಯಾನ್ ಮಾಡುವ ಉಪಕರಣ) ಇಡುತ್ತೇವೆ. ಅಲ್ಲಿ ವಪೆ ಪಕ್ಕೆಗೆ ಅಂಟಿಕೊಂಡ ಹಾಗೆ ಇರುತ್ತದೆ. ಪರದೆ ಮೇಲೆ ಎರಡು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ. ಆ ಕಪ್ಪು ಪಟ್ಟಿಯೇ ಸ್ನಾಯು. ಉಸಿರು ಬಿಟ್ಟಾಗ ಒಂದು ಅಳತೆ, ಎಳೆದಾಗ ಒಂದು. ಎಷ್ಟು ದಪ್ಪವಾಯಿತೋ ಅದನ್ನು ಬಿಟ್ಟಾಗಿನ ದಪ್ಪದಿಂದ ಭಾಗಿಸಿದರೆ ಆ ಶೇಕಡಾ ಬರುತ್ತದೆ. ಕೆಲಸ ಮಾಡುವ ಸ್ನಾಯು ಬಿಗಿಯಾದಾಗ ದಪ್ಪ ಆಗುತ್ತದೆ, ತೋಳು ಮಡಚಿದರೆ ರಟ್ಟೆ ಉಬ್ಬುತ್ತದಲ್ಲ, ಹಾಗೆ. ಲೆಕ್ಕ ಚೆನ್ನಾಗಿದೆ. ಆದರೆ ನಿಮ್ಮ ಮಗಳ ಎಡ ಬದಿಯನ್ನೇ ನೋಡಿ. 1.7ರಿಂದ 2.0, ಶೇ. 18. ಅಳೆಯುವವರ ಕೈ ಒಂದು ಚುಕ್ಕೆ ಸರಿದು 1.7ರ ಬದಲು 1.6 ಬಂದಿದ್ದರೆ ಶೇ. 25. ಇನ್ನೊಂದು ಚುಕ್ಕೆ, 1.5 ಬಂದಿದ್ದರೆ ಶೇ. 33! ಮಗು ಅದೇ, ಉಸಿರು ಅದೇ. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ ಆಚೆ ಈಚೆ ಆದರೆ "ದುರ್ಬಲ" ಅನ್ನುವುದು "ಚೆನ್ನಾಗಿದೆ" ಆಗುತ್ತದೆ. ಬಿಳಿ ಗೆರೆಯನ್ನು ಸೇರಿಸಿ ಅಳೆದರೂ ಅಷ್ಟೇ, ಎಲ್ಲ ತಲೆಕೆಳಗು.

ಹಾಗಾಗಿ ಹಸುಗೂಸುಗಳಲ್ಲಿ ನಾನು ಹೆಚ್ಚು ನಂಬುವುದು ಚಲನೆಯನ್ನು, ಅದರಲ್ಲೂ ಎಡ ಬಲದ ವ್ಯತ್ಯಾಸವನ್ನು. ಎದೆಮೂಳೆಯ ತುದಿ ಕೆಳಗೆ ಪ್ರೋಬ್ ಅಡ್ಡ ಇಟ್ಟು ಸ್ವಲ್ಪ ಮೇಲ್ಮುಖ ಮಾಡಿದರೆ ಪುಟ್ಟ ಮಕ್ಕಳಲ್ಲಿ ವಪೆಯ ಎಡ ಬಲದ ಎರಡೂ ಗುಮ್ಮಟ ಒಂದೇ ಚಿತ್ರದಲ್ಲಿ ಕಾಣಿಸುತ್ತವೆ. ದೊಡ್ಡವರಲ್ಲಿ ಈ ಅನುಕೂಲ ಸಿಗುವುದು ಕಷ್ಟ. ಒಂದು ಬದಿ ಇಳಿಯುವಾಗ ಇನ್ನೊಂದು ಏರುತ್ತಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಆಮೇಲೆ ಒಂದೊಂದೇ ಬದಿಗೆ ಎಂ-ಮೋಡ್ ಹಾಕಿ ಅಳೆಯುತ್ತೇವೆ. ಎಂ-ಮೋಡ್ ಅಂದರೆ ಒಂದೇ ಗೆರೆಯಲ್ಲಿ ಆಗುವ ಚಲನೆಯನ್ನು ಕಾಲದ ಜೊತೆ ಎಳೆದು ತೋರಿಸುವುದು. ಅಲೆ ಅಲೆಯಾಗಿ ಬರುತ್ತದೆ. ಮಗು ಉಸಿರೆಳೆದಾಗ ಅಲೆ ಪ್ರೋಬ್ ಕಡೆಗೆ ಬರಬೇಕು. ದೂರ ಹೋದರೆ ಅದೇ ಉಲ್ಟಾ ಚಲನೆ.

1994ರಲ್ಲಿ ಪ್ರಕಟವಾದ ಮಕ್ಕಳ ಅಧ್ಯಯನವೊಂದರ ಗಡಿಯನ್ನು ಈಗಲೂ ಬಹಳ ಜನ ಬಳಸುತ್ತಾರೆ: 4 ಮಿಮೀಗಿಂತ ಜಾಸ್ತಿ ಚಲನೆ ಇರಬೇಕು, ಎರಡು ಬದಿಗೂ ನಡುವಿನ ವ್ಯತ್ಯಾಸ ಶೇ. 50ಕ್ಕಿಂತ ಕಮ್ಮಿ ಇರಬೇಕು. ನಿಮ್ಮ ಮಗಳ ಎಡ ಬದಿ 8 ಮಿಮೀ, ಸರಿಯಾದ ದಿಕ್ಕು. ಆ ಬದಿ ಚೆನ್ನಾಗಿದೆ. ಇಬ್ಬರ ಕೆಲಸವನ್ನು ಒಬ್ಬನೇ ಮಾಡುತ್ತಿದ್ದಾನೆ ಅಂದುಕೊಳ್ಳಿ.

ಎರಡನೇ_ಜನ್ಮದ_ಅಮ್ಮ

ನನ್ನ ಮಗನಿಗೆ ಹುಟ್ಟಿದ ಹನ್ನೆರಡನೇ ದಿನ ಹೃದಯದ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿ ಆಯಿತು ಅಂದರು. ಆದರೆ ವೆಂಟಿಲೇಟರ್ ಬಿಡಿಸಲು ಆಗಲಿಲ್ಲ. ಟ್ಯೂಬ್ ತೆಗೆಯುವುದು, ಒಂದು ದಿನ ಇರುವುದು, ಮತ್ತೆ ಹಾಕುವುದು. ಮೂರು ಸಲ ಹೀಗೆ ಆಯಿತು. ಕಫ ಅಂದರು, ಸೋಂಕು ಅಂದರು, ಔಷಧಿ ಬದಲಾಯಿಸಿದರು. ಮೂರನೇ ಸಲ ಟ್ಯೂಬ್ ತೆಗೆದಾಗ ಡ್ಯೂಟಿಯಲ್ಲಿದ್ದ ಒಬ್ಬ ಚಿಕ್ಕ ಡಾಕ್ಟರ್ ಹೊಟ್ಟೆಯನ್ನೇ ನೋಡುತ್ತಾ ನಿಂತುಬಿಟ್ಟಳು. "ಆಂಟಿ, ಎಡಗಡೆ ಹೊಟ್ಟೆ ಏಳುತ್ತಿಲ್ಲ ನೋಡಿ" ಅಂದಳು. ಆಮೇಲೆ ಸ್ಕ್ಯಾನ್ ಮಾಡಿದರು. ಎಡ ವಪೆಯ ನರಕ್ಕೆ ಆಪರೇಷನ್‌ನಲ್ಲಿ ಪೆಟ್ಟಾಗಿತ್ತು.

ಅವರ ಮೇಲೆ ನನಗೆ ಕೋಪ ಇಲ್ಲ. ಆ ನರ ಹೃದಯದ ಪಕ್ಕದಲ್ಲೇ ಹಾದುಹೋಗುತ್ತದೆ ಅಂತ ಆಮೇಲೆ ತಿಳಿಯಿತು. ಆದರೆ ಮೊದಲ ಸಲ ಸೋತಾಗಲೇ ಹತ್ತು ನಿಮಿಷ ಸ್ಕ್ಯಾನ್ ಮಾಡಿದ್ದರೆ ನನ್ನ ಮಗು ಎರಡು ಸಲ ಆ ಟ್ಯೂಬ್ ನೋವು ತಿನ್ನುವುದು ತಪ್ಪುತ್ತಿತ್ತು ಅಲ್ವಾ? ಅದನ್ನು ಮರೆಯಲು ಆಗುವುದಿಲ್ಲ.

ಅವನಿಗೆ ವಪೆಯನ್ನು ನಿರಿಗೆ ಹಿಡಿದು ಹೊಲಿದು ಕೆಳಗೆ ಎಳೆದು ಕಟ್ಟುವ ಆಪರೇಷನ್ ಮಾಡಿದರು. ಸೀರೆಗೆ ನಿರಿಗೆ ಹಿಡಿಯುವ ಹಾಗೆ ಅಂತ ಸರ್ಜನ್ ಕೈಯಲ್ಲಿ ತೋರಿಸಿದರು. ಸ್ನಾಯುವಿಗೆ ಶಕ್ತಿ ಬರುವುದಿಲ್ಲ, ಆದರೆ ಸಡಿಲವಾಗಿ ಮೇಲಕ್ಕೆ ಏರಿ ಶ್ವಾಸಕೋಶ ಒತ್ತುವುದು ನಿಲ್ಲುತ್ತದೆ. ನಾಲ್ಕನೇ ದಿನ ಟ್ಯೂಬ್ ತೆಗೆದರು. ಮತ್ತೆ ಹಾಕಲಿಲ್ಲ. ಈಗ ಅವನು ಯುಕೆಜಿ.

ಡಾಕ್ಟರ್_ಎಳೆಬಿಸಿಲು

ಅಕ್ಕ, ನೀವು ಬರೆದದ್ದನ್ನು ನಮ್ಮಲ್ಲಿ ಕಲಿಯುತ್ತಿರುವ ಪಿಜಿ ಡಾಕ್ಟರ್‌ಗಳಿಗೆ ಓದಿ ಹೇಳುತ್ತೇನೆ. ಹೃದಯದ ಆಪರೇಷನ್ ಆದ ಮಗು ವೆಂಟಿಲೇಟರ್ ಬಿಡದಿದ್ದರೆ ವಪೆ ನೋಡಲೇಬೇಕು. ಮೊದಲೆಲ್ಲ ಇದಕ್ಕೆ ಮಗುವನ್ನು ಫ್ಲೋರೋಸ್ಕೋಪಿ (ಎಕ್ಸ್‌ರೇಯಲ್ಲಿ ಚಲನೆಯನ್ನು ನೇರವಾಗಿ ನೋಡುವ ಯಂತ್ರ) ಕೋಣೆಗೆ ಒಯ್ಯಬೇಕಿತ್ತು. ಟ್ಯೂಬು, ಡ್ರಿಪ್ಪು, ಆಕ್ಸಿಜನ್ ಸಿಲಿಂಡರ್ ಎಲ್ಲ ಹೊತ್ತುಕೊಂಡು. ಮೇಲೆ ಎಕ್ಸ್‌ರೇ ಕಿರಣ ಬೇರೆ. ಈಗ ಸ್ಕ್ಯಾನ್ ಯಂತ್ರವೇ ಮಗು ಮಲಗಿರುವ ವಾರ್ಮರ್ ಹತ್ತಿರ ಬರುತ್ತದೆ, ವಿಕಿರಣ ಇಲ್ಲ, ವಾರಕ್ಕೊಮ್ಮೆ ಬೇಕಾದರೂ ನೋಡಬಹುದು.

ಹರಿಹರದ ಅಣ್ಣನಿಗೆ: ಹೆರಿಗೆಯಲ್ಲಿ ಎಳೆತದಿಂದ ಆದದ್ದು ಬಹಳಷ್ಟು ಮಕ್ಕಳಲ್ಲಿ ಆಪರೇಷನ್ ಇಲ್ಲದೆಯೇ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಸುಧಾರಿಸುತ್ತದೆ. ನರ ಪೂರ್ತಿ ಹರಿದಿದ್ದರೆ ಬೇರೆ ಮಾತು. ಯಾವುದು ಅಂತ ಒಂದು ಸ್ಕ್ಯಾನ್ ಹೇಳುವುದಿಲ್ಲ. ಸಾಲಾಗಿ ಮಾಡಿದ ಸ್ಕ್ಯಾನ್‌ಗಳು ಹೇಳುತ್ತವೆ. ಅದಕ್ಕೇ ಪ್ರತಿ ಸಲ ಒಂದೇ ಸ್ಥಿತಿಯಲ್ಲಿ ನೋಡಬೇಕು.

ಸಿಸ್ಟರ್_ಮಲ್ಲಿಗೆ

ಆ ಸ್ಥಿತಿ ಅನ್ನುವುದರ ಬಗ್ಗೆ ನಾನು ಹೇಳಲೇಬೇಕು, ಯಾಕೆಂದರೆ ಆ ಹೊತ್ತಿನಲ್ಲಿ ಮಗುವಿನ ಹತ್ತಿರ ನಿಂತಿರುವವರು ನಾವು.

ಅಳುವ ಮಗುವಿನ ವಪೆ ಜಾಸ್ತಿ ಓಡುತ್ತದೆ, ಆ ಅಳತೆ ಯಾವುದಕ್ಕೂ ಬರುವುದಿಲ್ಲ. ದೊಡ್ಡವರಿಗೆ "ಜೋರಾಗಿ ಮೂಗಿನಿಂದ ಎಳೆಯಿರಿ" ಅನ್ನಬಹುದು, ಇವರಿಗೆ ಏನು ಹೇಳುತ್ತೀರಿ? ನಿದ್ದೆಗೆ ಕಾಯಬೇಕು ಅಷ್ಟೇ. ಆಗಷ್ಟೇ ಹಾಲು ಕೊಟ್ಟಿದ್ದರೆ ಹೊಟ್ಟೆ ತುಂಬಿ ಎಡಗಡೆ ವಪೆ ಮೇಲೆ ತಳ್ಳಿರುತ್ತದೆ. ಹೊಟ್ಟೆಯ ಗಾಳಿ ಇದ್ದರೆ ಎಡಗಡೆ ಏನೂ ಕಾಣುವುದೂ ಇಲ್ಲ. ಬಲಗಡೆ ಪಿತ್ತಜನಕಾಂಗ ಇರುವುದರಿಂದ ಅದು ಕಿಟಕಿ ತೆರೆದ ಹಾಗೆ, ಸುಲಭ. ಸಿಪ್ಯಾಪ್ ಒತ್ತಡ ಜಾಸ್ತಿ ಇದ್ದರೆ ಗುಮ್ಮಟ ಆಗಲೇ ಕೆಳಗೆ ಕೂತಿರುತ್ತದೆ, ಇಳಿಯಲು ಜಾಗ ಕಮ್ಮಿ, ಚಲನೆ ಕಮ್ಮಿ ಕಾಣಬಹುದು. ನಿನ್ನೆ 6 ಒತ್ತಡದಲ್ಲಿ ನೋಡಿ ಇವತ್ತು ಸಿಪ್ಯಾಪ್ ಇಲ್ಲದೆ ನೋಡಿ "ಸುಧಾರಿಸಿದೆ" ಅನ್ನಬಾರದು. ಜೆಲ್ ತಣ್ಣಗಿದ್ದರೆ ಮಗು ಬೆಚ್ಚಿ ಎದ್ದುಬಿಡುತ್ತದೆ, ನಾನು ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ನನ್ನ ಕೈಗೆ ಹಚ್ಚಿ ನೋಡಿಯೇ ಕೊಡುತ್ತೇನೆ. ಪುಟ್ಟ ಮಕ್ಕಳಿಗೆ ಪ್ರೋಬ್ ಭಾರವೂ ಲೆಕ್ಕಕ್ಕೆ ಬರುತ್ತದೆ. ಒತ್ತಬಾರದು.

ಇದೆಲ್ಲ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆದರೆ ಸಾಕು. ಹೆಚ್ಚಿನವರು ಬರೆಯುವುದಿಲ್ಲ. ನಾನು ನರ್ಸಿಂಗ್ ಚಾರ್ಟ್‌ನಲ್ಲಿ ಬರೆದಿಡುತ್ತೇನೆ.

29ವಾರ_ಅವಳಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಅವಳಿ ಮಕ್ಕಳು 29 ವಾರಕ್ಕೆ ಹುಟ್ಟಿದವರು. ಒಬ್ಬಳಿಗೆ ಟ್ಯೂಬ್ ತೆಗೆದಾಯಿತು, ಇನ್ನೊಬ್ಬಳಿಗೆ ಇನ್ನೂ ಇದೆ. ಈ ಸ್ಕ್ಯಾನ್ ಮಾಡಿ ಯಾವತ್ತು ಟ್ಯೂಬ್ ತೆಗೆಯಬಹುದು ಅಂತ ಹೇಳಲು ಆಗುತ್ತದಾ? ನಾವೇ ಕೇಳಿ ಮಾಡಿಸಬೇಕಾ?

ಡಾಕ್ಟರ್_ಎಳೆಬಿಸಿಲು

ಅಮ್ಮ, ಆ ಪ್ರಶ್ನೆಯನ್ನು ಜಗತ್ತಿನ ಬೇರೆ ಬೇರೆ ಕಡೆ ಅಧ್ಯಯನ ಮಾಡುತ್ತಿದ್ದಾರೆ. ಕೆಲವರಿಗೆ ಚಲನೆ ಉಪಯೋಗಕ್ಕೆ ಬಂದಿದೆ, ಕೆಲವರಿಗೆ ದಪ್ಪ, ಇನ್ನು ಕೆಲವರಿಗೆ ಎರಡೂ ಅಷ್ಟಾಗಿ ಬಂದಿಲ್ಲ. ಎಲ್ಲರೂ ಒಪ್ಪಿದ ಒಂದು ಅಂಕಿ ಇಲ್ಲ. ಇಷ್ಟು ಚಿಕ್ಕ ಮಕ್ಕಳಲ್ಲಿ ಟ್ಯೂಬ್ ತೆಗೆಯುವುದು ಶ್ವಾಸಕೋಶ, ತೂಕ, ಉಸಿರು ಮರೆಯುವ ಅಭ್ಯಾಸ, ರಕ್ತದ ಗ್ಯಾಸ್ ಎಲ್ಲದರ ಮೇಲೆ ನಿಂತಿದೆ. ಕೆಫೀನ್ ಕೊಡುತ್ತಿರುತ್ತಾರೆ, ಅದು ಮೆದುಳಿಗೆ ಉಸಿರಾಡು ಅಂತ ನೆನಪಿಸುವುದಲ್ಲದೆ ವಪೆಯ ಕೆಲಸವನ್ನೂ ಚುರುಕು ಮಾಡುತ್ತದೆ. ಕಾರಣ ಗೊತ್ತಾಗದೆ ಮತ್ತೆ ಮತ್ತೆ ಸೋತರೆ ಆಗ ವಪೆ ನೋಡಿದ್ದೀರಾ ಅಂತ ಖಂಡಿತ ಕೇಳಿ. ಸುಮ್ನೆ ಮಾಡಿಸಿ ಅಂತ ಹಟ ಹಿಡಿಯಬೇಡಿ. ಕಾಂಗರೂ ಆರೈಕೆಗೆ (ಮಗುವನ್ನು ಬರಿ ಎದೆಗೆ ಅಪ್ಪಿಸಿಕೊಂಡು ಇಟ್ಟುಕೊಳ್ಳುವುದು) ಬಿಡುತ್ತಾರಾ ಕೇಳಿ, ಅದು ನಿಮ್ಮ ಕೈಯಲ್ಲಿ ಇರುವ ದೊಡ್ಡ ಕೆಲಸ.

ಜಿಲ್ಲಾಸ್ಪತ್ರೆ_ಡ್ಯೂಟಿ

ಎಲ್ಲ ಓದಿದೆ. ನಾನು ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಇದ್ದೇನೆ. ನಮ್ಮಲ್ಲಿ ಸ್ಕ್ಯಾನ್ ಯಂತ್ರ ಇದೆ, ಆದರೆ ಅದು ಕೆಳಗಿನ ಮಹಡಿಯ ಕೋಣೆಯಲ್ಲಿ ಇದೆ. ಮೇಲೆ ತರಲು ಆಗುವುದಿಲ್ಲ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ, 2003ರಲ್ಲಿ ಬಿಗಿಯಾದ ಕಾಯ್ದೆ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕು. ಹುಟ್ಟಿದ ಮಗುವಿನ ತಲೆ ನೋಡುವ ಯಂತ್ರವಾದರೂ ಅಷ್ಟೇ. ಎಲ್ಲಿ ಇರುತ್ತದೆ, ಯಾರು ಬಳಸುತ್ತಾರೆ, ಎಲ್ಲ ದಾಖಲೆಯಲ್ಲಿ ಇರಬೇಕು. ಆ ಕಾಯ್ದೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮಕ್ಕಳ ವಾರ್ಡಿಗೇ ಒಂದು ಯಂತ್ರ ಕೊಟ್ಟು, ನಮ್ಮ ಹೆಸರಲ್ಲೇ ನೋಂದಣಿ ಮಾಡಿಸಿ, ತರಬೇತಿ ಕೊಟ್ಟರೆ ಕಾಯ್ದೆಯೂ ಉಳಿಯುತ್ತದೆ, ಮಕ್ಕಳೂ ಉಳಿಯುತ್ತಾರೆ. ಅರ್ಜಿ ಕೊಟ್ಟಿದ್ದೇವೆ.

ಅಲ್ಲಿಯವರೆಗೆ ಕಣ್ಣೇ ಗತಿ. ಭುಜ ಸಿಕ್ಕಿದ ಹೆರಿಗೆ, ಒಂದು ಕೈ ಆಡುತ್ತಿಲ್ಲ, ಉಸಿರು ನಿಮಿಷಕ್ಕೆ 60 ದಾಟುತ್ತಿದೆ, ಹೊಟ್ಟೆ ಒಂದು ಬದಿ ಏಳುತ್ತಿಲ್ಲ ಅಂದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಕಳಿಸುವ ಚೀಟಿಯಲ್ಲಿ "ವಪೆ ನೋಡಿ, ಟ್ಯೂಬ್ ಹಾಕುವ ಮೊದಲೇ ಸಾಧ್ಯವಾದರೆ" ಅಂತ ಇನ್ನು ಮೇಲೆ ಬರೆಯುತ್ತೇನೆ. ಅದು ಇವತ್ತು ಇಲ್ಲಿ ಕಲಿತದ್ದು.

ನೆರಳುಬೆಳಕು

ಟ್ಯೂಬ್ ಆಗಲೇ ಹಾಕಿದ್ದರೂ ದಾರಿ ಇದೆ. ಮಗು ತಡೆದುಕೊಳ್ಳುವಂತಿದ್ದರೆ ಮಕ್ಕಳ ಡಾಕ್ಟರ್ ಪಕ್ಕದಲ್ಲಿ ನಿಂತು, ವೆಂಟಿಲೇಟರ್ ತಳ್ಳುವ ಉಸಿರನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಬರೀ ಸಿಪ್ಯಾಪ್ ಒತ್ತಡದಲ್ಲಿ ಬಿಡುತ್ತಾರೆ. ಮಗು ತಾನೇ ನಾಲ್ಕೈದು ಉಸಿರು ಎಳೆದರೆ ನನಗೆ ಸಾಕು. ನಾನು ಒಬ್ಬಳೇ ಇದ್ದಾಗ ಇದನ್ನು ಮಾಡುವುದಿಲ್ಲ. ಮಾಡಲು ಆಗದಿದ್ದರೆ ರಿಪೋರ್ಟ್‌ನಲ್ಲಿ "ವೆಂಟಿಲೇಟರ್ ಮೇಲೆ ನೋಡಿದ್ದು, ಟ್ಯೂಬ್ ತೆಗೆದ ಮೇಲೆ ಮತ್ತೆ ನೋಡಬೇಕು" ಅಂತ ಬರೆಯುತ್ತೇನೆ. ನಿಮ್ಮ ಮೊದಲ ರಿಪೋರ್ಟ್‌ನಲ್ಲಿ ಆ ಒಂದು ಸಾಲು ಇದ್ದಿದ್ದರೆ ನೀವು ಇಷ್ಟು ನಿದ್ದೆ ಕೆಡುವುದು ಬೇಕಿರಲಿಲ್ಲ ಅಣ್ಣ.

ಹರಿಹರದ_ಅಪ್ಪ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸುದ್ದಿ ಕೇಳಿ ತುಂಬಾ ಜನ ಮೆಸೇಜ್ ಮಾಡಿದ್ದೀರಿ.

ಮಗಳಿಗೆ ಈಗ 31 ದಿನ. ಮತ್ತೆ ವೆಂಟಿಲೇಟರ್ ಹಾಕಲಿಲ್ಲ. ಸಿಪ್ಯಾಪ್ 15ನೇ ದಿನ ತೆಗೆದರು, ಈಗ ಮೂಗಿಗೆ ಸಣ್ಣ ಪೈಪಿನಲ್ಲಿ ಸ್ವಲ್ಪ ಆಕ್ಸಿಜನ್ ಮಾತ್ರ. ನರ್ಸ್‌ಗಳು ಅವಳನ್ನು ಬಲಮಗ್ಗುಲಿಗೆ ಮಲಗಿಸುತ್ತಾರೆ, ಕೈಗೆ ಭಾರ ಬೀಳದ ಹಾಗೆ ಬಟ್ಟೆ ಸುತ್ತಿ. ಹಾಲು ಅರ್ಧ ಟ್ಯೂಬಿನಲ್ಲಿ, ಅರ್ಧ ಒಳಲೆಯಲ್ಲಿ.

ನಿನ್ನೆ ಸ್ಕ್ಯಾನ್ ಆಯಿತು. ಮಾಡುವ ಮೊದಲು ನಾನೇ ಕೇಳಿದೆ, "ಮೇಡಂ, ಯಾವ ಸ್ಥಿತಿಯಲ್ಲಿ ನೋಡಿದಿರಿ ಅಂತ ಒಂದು ಸಾಲು ಬರೆಯುತ್ತೀರಾ?" ಅವರು ನನ್ನ ಮುಖ ನೋಡಿದರು, ಆಮೇಲೆ "ಖಂಡಿತ" ಅಂದರು. ಹಾಲು ಕೊಟ್ಟು ಎರಡು ಗಂಟೆ ಆಗಲಿ, ನಿದ್ದೆ ಬರಲಿ ಅಂತ ಕಾದರು. ರಿಪೋರ್ಟ್ ಹೀಗಿದೆ: ಸಿಪ್ಯಾಪ್ ಇಲ್ಲ, ನಿದ್ದೆಯಲ್ಲಿ, ಎಡ 7 ಮಿಮೀ, ಬಲ 3 ಮಿಮೀ, ಬಲ ಬದಿ ಈಗ ಸರಿಯಾದ ದಿಕ್ಕಿನಲ್ಲಿ.

3 ಅಂದರೆ ಇನ್ನೂ ಕಮ್ಮಿ ಅಂತ ನನಗೆ ಗೊತ್ತು. ಹಿಂದಿನ ಸಲ ಸಿಪ್ಯಾಪ್ ಇತ್ತು, ಈ ಸಲ ಇಲ್ಲ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕುತ್ತಿಲ್ಲ. ಆದರೆ ಮೇಡಂ ಪರದೆಯನ್ನು ನಮ್ಮ ಕಡೆ ತಿರುಗಿಸಿ ಎರಡೂ ಅಲೆ ತೋರಿಸಿದರು, ಎರಡೂ ಒಟ್ಟಿಗೆ ಏಳುತ್ತಿದ್ದವು. ನನ್ನ ಹೆಂಡತಿ ಪರದೆ ಮೇಲೆ ಕೈ ಇಟ್ಟುಬಿಟ್ಟಳು.

ಮುಂದಿನ ಸ್ಕ್ಯಾನ್ ಎರಡು ವಾರ ಬಿಟ್ಟು. ಕೈಗೆ ಫಿಸಿಯೋ ಶುರು ಮಾಡಿದ್ದಾರೆ, ಮೊಣಕೈ ಇನ್ನೂ ಮಡಚುತ್ತಿಲ್ಲ. ಆ ಬಗ್ಗೆ ಗೊತ್ತಿರುವವರು ಇದ್ದರೆ ಹೇಳಿ.